ಕರ್ಕ್ಯುಮಿನ್ ಎಲ್ಲಿ ಹೋಯಿತು? ಎಂ.ಫಾರ್ಮ್ ಪ್ರಬಂಧದ ಒಂದು ವರ್ಷ

ಕಳೆದ ವಾರ ವೈವಾ ಮುಗಿಯಿತು, ಬೈಂಡ್ ಮಾಡಿಸಿದ ಪ್ರತಿಗಳು ಲೈಬ್ರರಿ ಸೇರಿದವು. ವಿಷಯ ಸಿನಾಪ್ಸಿಸ್‌ನಲ್ಲಿ ಎರಡೇ ಸಾಲು: ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಡಿಎನ್ಎಗೆ ಆಗುವ ಹಾನಿಯನ್ನು ಅರಿಶಿನದ ಕರ್ಕ್ಯುಮಿನ್ ತಡೆಯುತ್ತದೆಯೇ ಎಂದು ಮನುಷ್ಯರ ಲಿಂಫೋಸೈಟ್‌ಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ನೋಡುವುದು, ಅದೇ ಕರ್ಕ್ಯುಮಿನ್ನನ್ನು ಪಿಎಲ್‌ಜಿಎ (ದೇಹದಲ್ಲಿ ನಿಧಾನವಾಗಿ ಒಡೆಯುವ ಪಾಲಿಮರ್) ನ್ಯಾನೊಕಣಗಳಲ್ಲಿ ತುಂಬಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವುದು. ಆ ಎರಡು ಸಾಲಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರ್ ಪೂರ್ತಿ ಹೋಯಿತು. ನಡುವೆ ಮೂರು ಸಲ ಕುಣಿದಾಡುವಂಥ ರಿಸಲ್ಟ್ ಬಂತು. ಮೂರೂ ಸುಳ್ಳು. ಮುಂದಿನ ಬ್ಯಾಚಿನವರು ಇದೇ ಹಳ್ಳಕ್ಕೆ ಬೀಳಬಾರದು ಅಂತ ಎಲ್ಲಿ ಎಡವಿದ್ದು ಎಂಬುದನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲ ಕಾಯುವಿಕೆ ಎಥಿಕ್ಸ್ ಕಮಿಟಿಯದು. 5 ಮಿ.ಲೀ. ರಕ್ತ ತೆಗೆದರೂ ಅನುಮತಿ ಬೇಕೇ ಬೇಕು, ಕಮಿಟಿ ಸೇರುವುದು ಎರಡು ಮೂರು ತಿಂಗಳಿಗೊಮ್ಮೆ. ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಮೊದಲೇ ಅರ್ಜಿ ಹಾಕಿಬಿಡಿ. ಸಮ್ಮತಿ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ. ನಮ್ಮ ಕನ್ನಡ ಪತ್ರ ಒಂದು ಸಲ ವಾಪಸ್ ಬಂತು, ಅದೂ ನ್ಯಾಯವಾಗಿಯೇ: 'ಪರಿಧೀಯ ರಕ್ತದ ಲಸಿಕಾಕೋಶಗಳನ್ನು ಪ್ರತ್ಯೇಕಿಸಿ' ಅಂತ ಬರೆದಿದ್ದೆ. 'ನಿಮ್ಮ ತೋಳಿನಿಂದ ಒಂದು ಚಮಚದಷ್ಟು ರಕ್ತ ತೆಗೆಯುತ್ತೇವೆ, ಪರೀಕ್ಷೆ ಮುಗಿದ ಮೇಲೆ ಅದನ್ನು ನಾಶ ಮಾಡುತ್ತೇವೆ' ಅಂತ ತಿದ್ದಿದ ಮೇಲೆ ಪಾಸಾಯಿತು. ಇನ್ನೊಂದು ಮಾತು. ಧೂಮಪಾನ, ಗುಟ್ಕಾ, ಇತ್ತೀಚಿನ ಜ್ವರ, ಎಕ್ಸ್‌ರೇ ಎಲ್ಲ ಡಿಎನ್ಎ ಹಾನಿಯ ಲೆಕ್ಕ ಕೆಡಿಸುತ್ತವೆ. ಯಾರನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಪಟ್ಟಿಯಲ್ಲಿ ಇವನ್ನು ಮೊದಲೇ ಬರೆಯಿರಿ. ಆಮೇಲೆ ಸೇರಿಸಬೇಕಾದರೆ ಮತ್ತೆ ಕಮಿಟಿಗೆ ಹೋಗಬೇಕು.

ಕಾಯುವ ಹೊತ್ತಿಗೆ ಸಾಮಾನು ತರಿಸಿಕೊಳ್ಳಿ. ಇಂಡೆಂಟ್, ಮೂರು ಕೊಟೇಶನ್, ಸ್ಟೋರ್ಸ್ ಸಹಿ ಇಷ್ಟಕ್ಕೇ ಒಂದು ತಿಂಗಳು. ಡಿಎನ್ಎ ಹಾನಿ ನೋಡುವ ಸ್ಲೈಡಿನ ಜೆಲ್‌ಗೆ ಬೇಕಾದ ಲೋ ಮೆಲ್ಟಿಂಗ್ ಅಗರೋಸ್ ಮಾಮೂಲಿ ಅಗರೋಸ್‌ಗಿಂತ ಹಲವು ಪಟ್ಟು ದುಬಾರಿ, ಆದರೆ ಲೆಕ್ಕ ಹಾಕಿ ನೋಡಿ: ಶೇ 0.5ರ ದ್ರಾವಣ ಸ್ಲೈಡಿಗೆ 75 ಮೈಕ್ರೊಲೀಟರ್ ಅಂದರೆ 1 ಗ್ರಾಂನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಲೈಡ್. ಅತಿ ಚಿಕ್ಕ ಪ್ಯಾಕ್ ತರಿಸಿ ನಾಲ್ಕು ಜನ ಹಂಚಿಕೊಳ್ಳಬಹುದು. ಪಿಎಲ್‌ಜಿಎ ಹಾಗಲ್ಲ. ಬ್ಯಾಚಿಗೆ 50 ಮಿ.ಗ್ರಾಂ ಬೇಕು, 1 ಗ್ರಾಂ ಅಂದರೆ ಇಪ್ಪತ್ತೇ ಬ್ಯಾಚ್. ಕೈಯಿಂದ ಖರ್ಚಾದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಇದಕ್ಕೆ ಮತ್ತು ಹೊರಗಿನ ಉಪಕರಣಗಳ ಬಾಡಿಗೆಗೆ.

ಕರ್ಕ್ಯುಮಿನ್ ಅಂತ ಬಾಟಲಿ ಮೇಲಿದ್ದರೂ ಒಳಗಿರುವುದು ಮೂವರು. ಮಾರುಕಟ್ಟೆಯ ಪುಡಿಯಲ್ಲಿ ಸುಮಾರು ಶೇ 77 ಕರ್ಕ್ಯುಮಿನ್, ಶೇ 17 ಡಿಮೆಥಾಕ್ಸಿಕರ್ಕ್ಯುಮಿನ್, ಶೇ 3 ಬಿಸ್‌ಡಿಮೆಥಾಕ್ಸಿ. ಯುವಿಯಲ್ಲಿ (ಬೆಳಕಿನ ಹೀರಿಕೆ ಅಳೆಯುವ ಯಂತ್ರ) 425 ನ್ಯಾನೊಮೀಟರ್‌ಗೆ ಓದಿದರೆ ಮೂರೂ ಒಟ್ಟಿಗೆ ಬರುತ್ತವೆ. ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿಯಲ್ಲಿ ಸಿ18 ಕಾಲಂ ಹಾಕಿ, ಅಸಿಟೋನೈಟ್ರೈಲ್ ಜೊತೆ ಆಮ್ಲ ಬೆರೆಸಿದ ನೀರು ಓಡಿಸಿದರೆ ಮೂರು ಶಿಖರ ಬಿಡಿಬಿಡಿಯಾಗಿ ಕಾಣುತ್ತವೆ. ಕರ್ಕ್ಯುಮಿನ್ ಕೊನೆಗೆ ಬರುತ್ತದೆ. ಯುವಿಯಲ್ಲೇ ಮುಗಿಸುವುದಾದರೆ ಪ್ರಬಂಧದಲ್ಲಿ 'ಒಟ್ಟು ಕರ್ಕ್ಯುಮಿನಾಯ್ಡ್' ಅಂತಲೇ ಬರೆಯಿರಿ. ಕ್ಯಾಲಿಬ್ರೇಶನ್ನನ್ನು ಮಿ.ಲೀ.ಗೆ 1ರಿಂದ 5 ಮೈಕ್ರೊಗ್ರಾಂ ನಡುವೆ ಇಡಿ. ಅದಕ್ಕಿಂತ ಮೇಲೆ ಹೋದರೆ ಓದು 1 ದಾಟುತ್ತದೆ.

ಈ ವಸ್ತು ನೀರಿನಲ್ಲಿ ಕರಗುವುದಿಲ್ಲ. ಹಿಂದಿನವರ ನೋಟ್‌ಬುಕ್ಕಿನಲ್ಲಿ '0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ, ಬಫರ್‌ಗೆ ಸೇರಿಸು' ಅಂತಿತ್ತು. ಹಾಗೇ ಮಾಡಿದೆ. ಹಳದಿ ಪುಡಿ ಕ್ಷಣದಲ್ಲಿ ಕರಗಿ ಕಡುಕೆಂಪಾಯಿತು. ಗಾಜು ತೊಳೆಯಲು ಬಂದ ಅಟೆಂಡರ್ ಅಕ್ಕ ನೋಡಿ, 'ಆರತಿ ನೀರು ಕಲಸಿದ್ದೀರಲ್ಲ ಮೇಡಂ, ಯಾರಿಗೆ?' ಅಂದರು. ಅರಿಶಿನಕ್ಕೆ ಸುಣ್ಣ ಹಾಕಿದಾಗ ಆಗುವುದೂ ಇದೇ ರಸಾಯನಶಾಸ್ತ್ರ. ಮರುದಿನ ಬೆಳಿಗ್ಗೆ ಬೀಕರ್‌ನಲ್ಲಿ ಕೆಂಪು ಇರಲಿಲ್ಲ, ಕಂದು ಬಣ್ಣದ ಪೇಲವ ನೀರಿತ್ತು. ಕ್ಷಾರದಲ್ಲಿ ಕರ್ಕ್ಯುಮಿನ್ ಒಡೆದು ಹೋಗುತ್ತದೆ. ಕ್ಷಾರವೇ ಬೇಕೆಂದಿಲ್ಲ, ಸೀರಂ ಇಲ್ಲದ ಪಿಎಚ್ 7.2ರ ಬಫರ್‌ನಲ್ಲಿ 37 ಡಿಗ್ರಿಗೆ ಅರ್ಧ ಗಂಟೆಯಲ್ಲಿ ಸುಮಾರು ಶೇ 90 ನಾಶವಾಗುತ್ತದೆ ಎಂದು 1997ರಲ್ಲೇ ಪ್ರಕಟವಾಗಿದೆ. ಆ ಸಾಲನ್ನು ನಾನು ಓದಿದ್ದೆ, ಸಾಹಿತ್ಯ ಸಮೀಕ್ಷೆಯಲ್ಲಿ ಬರೆದೂ ಇದ್ದೆ. ಅದು ನನ್ನ ಬೀಕರ್‌ಗೂ ಅನ್ವಯಿಸುತ್ತದೆ ಅಂತ ಹೊಳೆಯಲು ಆರು ತಿಂಗಳು ಬೇಕಾಯಿತು.

ಸ್ಟಾಕ್‌ಗೆ ಡಿಎಂಎಸ್‌ಒ ಎಂಬ ದ್ರಾವಕ ಬಳಸಿ. ಮಿ.ಲೀ.ಗೆ 7.4 ಮಿ.ಗ್ರಾಂ ಅಂದರೆ 20 ಮಿಲಿಮೋಲಾರ್. 50 ಮೈಕ್ರೊಲೀಟರ್‌ನಂತೆ ಭಾಗ ಮಾಡಿ, ಫಾಯಿಲ್ ಸುತ್ತಿ, ಮೈನಸ್ 20ರಲ್ಲಿಡಿ. ಸಾವಿರಕ್ಕೆ ಒಂದರಂತೆ ಬೆರೆಸಿದರೆ 20 ಮೈಕ್ರೊಮೋಲಾರ್ ಆಗುತ್ತದೆ, ಡಿಎಂಎಸ್‌ಒ ಶೇ 0.1ರಲ್ಲೇ ನಿಲ್ಲುತ್ತದೆ.

ಇನ್ನು ಕಾಮೆಟ್ ಅಸ್ಸೇ. ಜೀವಕೋಶವನ್ನು ಅಗರೋಸ್ ಜೆಲ್‌ನಲ್ಲಿ ಹೂತು, ಪೊರೆ ಪ್ರೋಟೀನ್ ಎಲ್ಲ ಕರಗಿಸಿ, ಕ್ಷಾರದಲ್ಲಿ ಕರೆಂಟ್ ಹರಿಸಿದರೆ ತುಂಡಾದ ಡಿಎನ್ಎ ಧನಧ್ರುವದತ್ತ ಜಾರುತ್ತದೆ. ಹಾನಿಯಾಗದ ಕೋಶ ದುಂಡು ಬೊಟ್ಟಿನಂತೆ, ಹಾನಿಯಾದದ್ದು ಬಾಲಚುಕ್ಕಿಯಂತೆ ಕಾಣುತ್ತದೆ. ಈಗ ಎಲ್ಲರೂ ಬಳಸುವ ಕ್ಷಾರೀಯ ವಿಧಾನ 1988ರದು. ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 489 ಮಾರ್ಗಸೂಚಿಯನ್ನು ಉಲ್ಲೇಖಿಸುವಾಗ ಎಚ್ಚರ: ಅದು ಪ್ರಾಣಿಗಳಲ್ಲಿ ಮಾಡುವ ಪರೀಕ್ಷೆಗೆ. ಟ್ಯೂಬಿನಲ್ಲಿ ಮಾಡಿದ ಲಿಂಫೋಸೈಟ್ ಪ್ರಯೋಗಕ್ಕೆ 'ಒಇಸಿಡಿ 489ರ ಪ್ರಕಾರ' ಅಂತ ಬರೆದರೆ ಪರೀಕ್ಷಕರು ಅಲ್ಲಿಯೇ ಹಿಡಿಯುತ್ತಾರೆ.

ಲಿಂಫೋಸೈಟ್ ಬೇರ್ಪಡಿಸಲು 1.077 ಸಾಂದ್ರತೆಯ ದ್ರಾವಣ 3 ಮಿ.ಲೀ., ಅದರ ಮೇಲೆ ಸಮಪ್ರಮಾಣ ಪಿಬಿಎಸ್ (ಉಪ್ಪಿನ ಬಫರ್) ಬೆರೆಸಿದ ರಕ್ತವನ್ನು ಟ್ಯೂಬಿನ ಗೋಡೆ ಗುಂಟ ನಿಧಾನವಾಗಿ ಇಳಿಸಬೇಕು. 400 ಜಿ, 30 ನಿಮಿಷ, ಬ್ರೇಕ್ ಆಫ್. ಸಾಂದ್ರತಾ ದ್ರಾವಣವನ್ನು ಫ್ರಿಜ್‌ನಿಂದ ತೆಗೆದು ನೇರ ಬಳಸಬೇಡಿ. ತಣ್ಣಗಿದ್ದರೆ ಸಾಂದ್ರತೆ ಬದಲಾಗಿ ಕೆಂಪುಕಣಗಳು ಪದರದಲ್ಲೇ ಉಳಿಯುತ್ತವೆ. ಬ್ರೇಕ್ ಹಾಕಿದರೆ ಬಿಳಿ ಪದರ ಕಲಕಿಹೋಗುತ್ತದೆ. ಟ್ರಿಪಾನ್ ಬ್ಲೂ ಹಾಕಿ ನೋಡಿದಾಗ ಬದುಕಿರುವ ಕೋಶ ಶೇ 80ಕ್ಕಿಂತ ಕಡಿಮೆ ಇದ್ದರೆ ಆ ದಿನ ಮುಂದುವರಿಯಬೇಡಿ, ಸತ್ತ ಕೋಶಗಳ ಬಾಲವೇ ಎಣಿಕೆಗೆ ಸಿಗುತ್ತದೆ.

ಕೋಶ ಕರಗಿಸುವ ಲೈಸಿಸ್ ದ್ರಾವಣ ಲೀಟರಿಗೆ: ಸೋಡಿಯಂ ಕ್ಲೋರೈಡ್ 146.1 ಗ್ರಾಂ, ಇಡಿಟಿಎ ಡೈಸೋಡಿಯಂ 37.2, ಟ್ರಿಸ್ 1.2. ಇಡಿಟಿಎ ಕರಗದೆ ತಳದಲ್ಲಿ ಕೂತಿದೆ ಅಂತ ಬಿಸಿ ಮಾಡುತ್ತ ಕೂರಬೇಡಿ. ಪಿಎಚ್ 8ರ ಹತ್ತಿರ ಬರುವವರೆಗೂ ಅದು ಕರಗುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹರಳು ಹಾಕುತ್ತ ಹೋದರೆ ತಾನಾಗಿ ತಿಳಿಯಾಗುತ್ತದೆ. ಪಿಎಚ್ 10 ಮುಟ್ಟಲು 8 ಗ್ರಾಂ ಅಥವಾ ಸ್ವಲ್ಪ ಹೆಚ್ಚು ಬೇಕು. ಒಟ್ಟು 890 ಮಿ.ಲೀ.ಗೆ ನಿಲ್ಲಿಸಿ. ಉಳಿದ 110ರ ಜಾಗ 10 ಮಿ.ಲೀ. ಟ್ರೈಟಾನ್‌ಗೆ ಮತ್ತು 100 ಮಿ.ಲೀ. ಡಿಎಂಎಸ್‌ಒಗೆ. ಇವೆರಡನ್ನು ಅದೇ ಅನುಪಾತದಲ್ಲಿ ಬಳಸುವ ದಿನವೇ ಬೆರೆಸಿ 4 ಡಿಗ್ರಿಗೆ ತಣಿಸಿ.

ಸ್ಲೈಡುಗಳನ್ನು ಮೆಥನಾಲ್‌ನಲ್ಲಿ ಅದ್ದಿ ಬರ್ನರ್ ಜ್ವಾಲೆಗೆ ತೋರಿಸಿದರೆ ಮೇಲಿನ ಎಣ್ಣೆಯಂಶ ಸುಟ್ಟುಹೋಗುತ್ತದೆ. ಆಮೇಲೆ ಶೇ 1ರ ಮಾಮೂಲಿ ಅಗರೋಸ್‌ನಲ್ಲಿ ಅದ್ದಿ, ಹಿಂಬದಿ ಒರೆಸಿ, ಪೂರ್ತಿ ಒಣಗಿಸಬೇಕು. ಈ 'ಪೂರ್ತಿ' ಅನ್ನುವುದು ಮಳೆಗಾಲದಲ್ಲಿ ಸುಳ್ಳಾಗುತ್ತದೆ. ಜುಲೈನಲ್ಲಿ ರಾತ್ರಿಯಿಡೀ ಬೆಂಚಿನ ಮೇಲೆ ಒಣಗಿದಂತೆ ಕಂಡ ಸ್ಲೈಡುಗಳಿಂದ ಮರುದಿನ ಜೆಲ್‌ಗಳು ಕ್ಷಾರದ ಟ್ಯಾಂಕಿನಲ್ಲಿ ಒಂದೊಂದಾಗಿ ಕಳಚಿ, ಕಾಂಟ್ಯಾಕ್ಟ್ ಲೆನ್ಸ್‌ಗಳ ಹಾಗೆ ತೇಲಿದವು. ಒಂದು ದಾನಿಯ ರಕ್ತ, ಒಂದು ದಿನ, ಹದಿನೆಂಟು ಸ್ಲೈಡ್ ಹೋಯಿತು. ಅಂದಿನಿಂದ 50 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟೆ. ಮತ್ತೆ ಒಂದೂ ಕಳಚಲಿಲ್ಲ.

ಹತ್ತು ಸಾವಿರ ಕೋಶಗಳನ್ನು 37 ಡಿಗ್ರಿಯ ಲೋ ಮೆಲ್ಟಿಂಗ್ ಅಗರೋಸ್ 75 ಮೈಕ್ರೊಲೀಟರ್‌ನಲ್ಲಿ ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ, ಐಸ್ ಮೇಲಿನ ತಟ್ಟೆಯಲ್ಲಿ ಐದು ನಿಮಿಷ. ಅಲ್ಲಿಂದ ಲೈಸಿಸ್, ಕನಿಷ್ಠ ಒಂದು ಗಂಟೆ. ಬೇಕಾದರೆ ರಾತ್ರಿಯಿಡೀ ಬಿಡಬಹುದು, ಇಡೀ ಪ್ರಯೋಗದಲ್ಲಿ ಮನೆಗೆ ಹೋಗಿ ಮಲಗಲು ಇರುವ ಜಾಗ ಇದೊಂದೇ. ಲೈಸಿಸ್‌ನಿಂದ ಮುಂದಿನದೆಲ್ಲ ಮಂದ ಹಳದಿ ಬೆಳಕಿನಲ್ಲಿ. ಎಲೆಕ್ಟ್ರೊಫೊರೆಸಿಸ್ ಬಫರ್‌ಗೆ 10 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 30 ಮಿ.ಲೀ., 200 ಮಿಲಿಮೋಲಾರ್ ಇಡಿಟಿಎ 5 ಮಿ.ಲೀ., ಲೀಟರಿಗೆ ತುಂಬಿಸಿ. ಪಿಎಚ್ 13 ದಾಟಿರಬೇಕು. ಅದರಲ್ಲಿ 20 ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ 30 ನಿಮಿಷ ಕರೆಂಟ್.

ವೋಲ್ಟೇಜ್ ವಿಷಯದಲ್ಲಿ ನಮ್ಮ ಲ್ಯಾಬಿನ ಎಲ್ಲರೂ '24 ವೋಲ್ಟ್' ಅಂತ ಬಾಯಿಪಾಠ ಮಾಡಿದ್ದೆವು. ನಿಜವಾದ ನಿಯಮ ಸೆಂಟಿಮೀಟರಿಗೆ 0.7 ವೋಲ್ಟ್, ಎರಡು ವಿದ್ಯುದ್ವಾರಗಳ ನಡುವಿನ ದೂರ ಅಳೆದು. ನಮ್ಮ ಟ್ಯಾಂಕಿಗೆ ಸ್ಕೇಲ್ ಹಿಡಿದರೆ 28 ಸೆಂ.ಮೀ. ಬಂತು, ಅಂದರೆ 20 ವೋಲ್ಟ್ ಸಾಕು. ವರ್ಷಗಳಿಂದ ಎಲ್ಲರ ಬಾಲವೂ ಸ್ವಲ್ಪ ಉದ್ದವೇ ಬರುತ್ತಿತ್ತು. 300 ಮಿಲಿಆಂಪಿಯರ್‌ಗೆ ತರಲು ಬಫರ್ ಮಟ್ಟ ಬದಲಿಸಿ: ಸೇರಿಸಿದರೆ ಏರುತ್ತದೆ, ತೆಗೆದರೆ ಇಳಿಯುತ್ತದೆ. ಕರೆಂಟ್ ಹೋಗುವ ಊರಾದರೆ ಪವರ್ ಪ್ಯಾಕನ್ನು ಯುಪಿಎಸ್‌ಗೆ ಹಾಕಿ. ನಡುವೆ ಹತ್ತು ನಿಮಿಷ ನಿಂತರೂ ಡಿಎನ್ಎ ಕ್ಷಾರದಲ್ಲೇ ಇರುತ್ತದೆ, ಆ ದಿನದ ಸ್ಲೈಡುಗಳನ್ನು ಬೇರೆ ದಿನದವುಗಳ ಜೊತೆ ಹೋಲಿಸುವಂತಿಲ್ಲ. ಒಂದೇ ಗುಂಪಿನ ಸ್ಲೈಡುಗಳನ್ನು ಟ್ಯಾಂಕಿನ ಒಂದೇ ಮೂಲೆಯಲ್ಲಿ ಜೋಡಿಸಲೂ ಬೇಡಿ. ನಂತರ 0.4 ಮೋಲಾರ್ ಟ್ರಿಸ್, ಪಿಎಚ್ 7.5, ಐದೈದು ನಿಮಿಷ ಮೂರು ಸಲ, ಮಿ.ಲೀ.ಗೆ 20 ಮೈಕ್ರೊಗ್ರಾಂ ಎಥಿಡಿಯಂ ಬ್ರೋಮೈಡ್. ಡಿಎನ್ಎ ಒಳಗೆ ತೂರಿಕೊಳ್ಳುವ ಬಣ್ಣ ಅದು, ನೈಟ್ರೈಲ್ ಕೈಗವಸು ಇಲ್ಲದೆ ಮುಟ್ಟಬೇಡಿ. ಎಣಿಕೆಗೆ ಓಪನ್‌ಕಾಮೆಟ್ ಸಾಫ್ಟ್‌ವೇರ್ ಸಾಕು, ಉಚಿತ. ಸ್ಲೈಡುಗಳಿಗೆ ಬೇರೆಯವರ ಕೈಯಲ್ಲಿ ಸಂಕೇತ ಹಾಕಿಸಿ, ಯಾವುದು ಯಾವುದೆಂದು ಗೊತ್ತಿಲ್ಲದೆ ಎಣಿಸಿ.

ಮೊದಲ ಸುಳ್ಳು ಇಲ್ಲಿ ಬಂತು. ಪೆರಾಕ್ಸೈಡ್ ಮಾತ್ರ ಹಾಕಿದ ಕೋಶಗಳಲ್ಲಿ ಬಾಲದ ಡಿಎನ್ಎ ಶೇ 42. ಕರ್ಕ್ಯುಮಿನ್ ಕೊಟ್ಟವುಗಳಲ್ಲಿ ಶೇ 11. ಗೈಡ್ ಒಂದೇ ಪ್ರಶ್ನೆ ಕೇಳಿದರು: 'ಬರೀ ಡಿಎಂಎಸ್‌ಒ ಹಾಕಿದ ಟ್ಯೂಬ್ ಎಲ್ಲಮ್ಮ?' ಇರಲಿಲ್ಲ. ಮಾಡಿ ನೋಡಿದರೆ ಅದರಲ್ಲೂ ಶೇ 12! ಕಾರಣ ಸಿಗಲು ಎರಡು ವಾರ ಹಿಡಿಯಿತು. ಬರೀ ಪೆರಾಕ್ಸೈಡ್ ಹಾಕಿದ ಕಂಟ್ರೋಲ್ ಟ್ಯೂಬಿನದನ್ನು ಪಿಬಿಎಸ್‌ನಲ್ಲಿ ಬೆರೆಸಿದ್ದೆ, ಉಳಿದವುಗಳದ್ದನ್ನು ಬೆಚ್ಚಗಿನ ಕಲ್ಚರ್ ಮೀಡಿಯಂನಲ್ಲಿ ಬೆರೆಸಿ ಅರ್ಧ ಗಂಟೆ ಬೆಂಚಿನ ಮೇಲಿಟ್ಟಿದ್ದೆ. ಆ ಮೀಡಿಯಂನಲ್ಲಿ ಸೀರಂ ಜೊತೆಗೆ ಸೋಡಿಯಂ ಪೈರುವೇಟ್ ಇತ್ತು. ಪೈರುವೇಟ್ ಪೆರಾಕ್ಸೈಡನ್ನು ನೇರವಾಗಿ ತಿಂದುಹಾಕುತ್ತದೆ. ಕೋಶಗಳನ್ನು ಕಾಪಾಡಿದ್ದು ಅರಿಶಿನವಲ್ಲ, ಮೀಡಿಯಂ.

ಸರಿಯಾದ ಕ್ರಮ ಹೀಗೆ: ಸೀರಂ ಇರುವ ಮೀಡಿಯಂನಲ್ಲಿ ಕರ್ಕ್ಯುಮಿನ್ ಒಂದು ಗಂಟೆ, ಎರಡು ಸಲ ತೊಳೆ, ಎಲ್ಲ ಟ್ಯೂಬುಗಳನ್ನೂ ಪಿಬಿಎಸ್‌ಗೆ ತಂದು ಒಂದೇ ಬಾಟಲಿಯಿಂದ 100 ಮೈಕ್ರೊಮೋಲಾರ್ ಪೆರಾಕ್ಸೈಡ್, ಐಸ್ ಮೇಲೆ 5 ನಿಮಿಷ. ಐಸ್ ಯಾಕೆಂದರೆ ಬೆಚ್ಚಗಿದ್ದರೆ ಕೋಶ ತನ್ನ ಡಿಎನ್ಎಯನ್ನು ರಿಪೇರಿ ಮಾಡಿಕೊಳ್ಳುತ್ತ ಹೋಗುತ್ತದೆ. ಪೆರಾಕ್ಸೈಡ್ ಬಾಟಲಿಯ ಲೇಬಲ್ಲನ್ನೂ ನಂಬಬೇಡಿ. 10 ಮಿಲಿಮೋಲಾರ್‌ಗೆ ಇಳಿಸಿ 240 ನ್ಯಾನೊಮೀಟರ್‌ನಲ್ಲಿ ಓದಿದರೆ 0.436 ಬರಬೇಕು. ನಮ್ಮ ಹಳೇ ಬಾಟಲಿ 0.29 ತೋರಿಸಿತು. ಇಷ್ಟೆಲ್ಲ ಸರಿಪಡಿಸಿದ ಮೇಲೆ 20 ಮೈಕ್ರೊಮೋಲಾರ್ ಕರ್ಕ್ಯುಮಿನ್ ಶೇ 41ನ್ನು 31ಕ್ಕೆ ಇಳಿಸಿತು. 50ಕ್ಕೆ ಏರಿಸಿದರೆ ಪೆರಾಕ್ಸೈಡ್ ಇಲ್ಲದೆಯೇ ಬಾಲ 6ರಿಂದ 14ಕ್ಕೆ ಬೆಳೆಯಿತು, ಕಾಪಾಡಬೇಕಾದದ್ದೇ ಕಡಿಯತೊಡಗಿತ್ತು. ಪ್ರಬಂಧದಲ್ಲಿ ಎರಡನ್ನೂ ಹಾಕಿದೆ.

ಫಾರ್ಮುಲೇಶನ್ ಕೆಲಸ ಶುರುವಾದದ್ದು ಡಿಸೆಂಬರ್‌ನಲ್ಲಿ. ವಿಧಾನ ನ್ಯಾನೊಪ್ರೆಸಿಪಿಟೇಶನ್. ಪಿಎಲ್‌ಜಿಎ 50 ಮಿ.ಗ್ರಾಂ, ಕರ್ಕ್ಯುಮಿನ್ 5 ಮಿ.ಗ್ರಾಂ, ಎರಡನ್ನೂ 5 ಮಿ.ಲೀ. ಅಸಿಟೋನ್‌ನಲ್ಲಿ ಕರಗಿಸಿ, ಶೇ 1ರ ಪಿವಿಎ (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿಮರ್) 20 ಮಿ.ಲೀ.ಗೆ ನಿಮಿಷಕ್ಕೆ 1 ಮಿ.ಲೀ.ನಂತೆ ತೊಟ್ಟಿಕ್ಕಿಸಿ, 700 ಆರ್‌ಪಿಎಂನಲ್ಲಿ ಕಲಕುತ್ತ, ಮುಚ್ಚಳ ತೆರೆದು ನಾಲ್ಕು ಗಂಟೆ ಫ್ಯೂಮ್ ಹುಡ್‌ನಲ್ಲಿ. ಪಿವಿಎಯನ್ನು ಬಿಸಿನೀರಿಗೆ ಸುರಿದರೆ ಹಿಟ್ಟಿನ ಗಂಟಿನಂತೆ ಕಟ್ಟಿಕೊಳ್ಳುತ್ತದೆ. ರಾಗಿ ಅಂಬಲಿಗೆ ಹಿಟ್ಟು ಕದಡುವಂತೆ ಮೊದಲು ತಣ್ಣೀರಿನಲ್ಲಿ ಕದಡಿ ಆಮೇಲೆ 85 ಡಿಗ್ರಿಗೆ ಏರಿಸಿ. ತಣಿದ ಮೇಲೆ 0.45 ಮೈಕ್ರಾನ್‌ನಲ್ಲಿ ಸೋಸಿ.

20,000 ಜಿಯಲ್ಲಿ ಅರ್ಧ ಗಂಟೆ ತಿರುಗಿಸಿ, ಮೇಲಿನ ನೀರಿನಲ್ಲಿ ಎಷ್ಟು ಕರ್ಕ್ಯುಮಿನ್ ಉಳಿದಿದೆ ಎಂದು ನೋಡಿ, ಹಾಕಿದ್ದರಿಂದ ಕಳೆದರೆ ಒಳಗೆ ಹೋದದ್ದು ಸಿಗುತ್ತದೆ ಅಂತ ಪ್ರತಿ ಪೇಪರಿನಲ್ಲೂ ಇದೆ. ನಮಗೆ ಶೇ 97 ಸಿಕ್ಕಿತು. ಇದು ಎರಡನೇ ಸುಳ್ಳು. ನೀರಿನಲ್ಲಿ ಕರಗದ ಔಷಧ ಕಣದೊಳಗೆ ಹೋಗದಿದ್ದರೆ ಮೇಲಿನ ನೀರಿನಲ್ಲಿ ತೇಲುತ್ತ ಇರುವುದಿಲ್ಲ, ಹರಳಾಗಿ ಕಣಗಳ ಜೊತೆಗೇ ತಳ ಸೇರುತ್ತದೆ. ಪಿಎಲ್‌ಜಿಎ ಹಾಕದೆಯೇ ಅದೇ ಬ್ಯಾಚ್ ಮಾಡಿ ನೋಡಿದೆ: ಈ ಲೆಕ್ಕದಲ್ಲಿ ಪಾಲಿಮರ್ ಇಲ್ಲದ ಬ್ಯಾಚಿಗೂ ಶೇ 95 'ಎಂಟ್ರಾಪ್‌ಮೆಂಟ್' (ಕಣದೊಳಗೆ ಸೇರಿದ ಪಾಲು)! ಮೊದಲು 1,000 ಜಿಯಲ್ಲಿ ಐದು ನಿಮಿಷ ತಿರುಗಿಸಿ ಹಳದಿ ಹರಳನ್ನು ಬಿಸಾಡಿ, ಆಮೇಲೆ ಕಣಗಳನ್ನು ಇಳಿಸಿ, ಅವನ್ನೇ ಕರಗಿಸಿ ಅಳೆಯಬೇಕು. ಕರಗಿಸಲು ನೇರ ಮೆಥನಾಲ್ ಬೇಡ, ಪಿಎಲ್‌ಜಿಎ ಅದರಲ್ಲಿ ಕರಗುವುದಿಲ್ಲ, ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ. ಹೀಗೆ ಬಂದ ಸಂಖ್ಯೆ ಶೇ 68. ಅಷ್ಟರಲ್ಲಿ ಹನ್ನೊಂದು ಬ್ಯಾಚ್ ಕಸಕ್ಕೆ ಹೋಗಿತ್ತು.

ಫ್ರೀಜ್ ಡ್ರೈ ಮಾಡುವಾಗ ಶೇ 5 ಟ್ರೆಹಲೋಸ್ ಎಂಬ ಸಕ್ಕರೆ ಹಾಕಿ. ಹಾಕದ ಬ್ಯಾಚಿನಲ್ಲಿ 185 ನ್ಯಾನೊಮೀಟರ್ ಕಣ ಮತ್ತೆ ನೀರಿಗೆ ಹಾಕಿದಾಗ ಒಂದು ಮೈಕ್ರಾನ್ ಹತ್ತಿರದ ಉಂಡೆಯಾಗಿತ್ತು. ಅಸಿಟೋನ್ ಪೂರ್ತಿ ಹೋಗಿರದಿದ್ದರೆ ವ್ಯಾಕ್ಯೂಮ್ ಹಾಕಿದ ಕೂಡಲೇ ನೊರೆಯುಕ್ಕಿ ಮುಚ್ಚಳಕ್ಕೆ ಬಡಿಯುತ್ತದೆ. ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನಮ್ಮಲ್ಲಿಲ್ಲ. ಬೇರೆ ಸಂಸ್ಥೆಗಳ ಉಪಕರಣ ಕಾಯ್ದಿರಿಸಲು ಐ-ಸ್ಟೆಮ್ ಪೋರ್ಟಲ್ ಇದೆ. ಕಾಲೇಜಿನ ಪತ್ರ, ಗೈಡ್ ಸಹಿ, ಹಣ ಕಟ್ಟಿದ ರಸೀದಿ ಎಲ್ಲ ಸಿದ್ಧವಿರಲಿ, ಸರತಿ ಬರಲು ನಮಗೆ ಐದು ವಾರ ಆಯಿತು. ಗ್ರಿಡ್ ಮೇಲೆ ಹಾಕುವ ಸ್ಯಾಂಪಲ್‌ನಿಂದ ಪಿವಿಎ ಮತ್ತು ಸಕ್ಕರೆಯನ್ನು ತೊಳೆದಿರಬೇಕು, ಇಲ್ಲದಿದ್ದರೆ ಚಿತ್ರದಲ್ಲಿ ಕಾಣುವುದು ಪಾಕ ಮಾತ್ರ.

ಮೂರನೆಯದು ಅತ್ಯಂತ ಸುಂದರವಾದ ಸುಳ್ಳು. ಕಣದಿಂದ ಔಷಧ ಎಷ್ಟು ಹೊರಬರುತ್ತದೆ ಎಂದು ನೋಡಲು, ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ ನ್ಯಾನೊಕಣ ಬೆರೆತ ನೀರು 2 ಮಿ.ಲೀ., ಹೊರಗೆ ಪಿಎಚ್ 7.4ರ ಬಫರ್ 50 ಮಿ.ಲೀ., 37 ಡಿಗ್ರಿ. 24 ಗಂಟೆಯಲ್ಲಿ ಬಿಡುಗಡೆ ಶೇ 9, 72 ಗಂಟೆಗೂ ಶೇ 11. ಗ್ರಾಫ್ ಹಾಸಿಗೆಯಂತೆ ಚಪ್ಪಟೆ. 'ಸಸ್ಟೇಂಡ್ ರಿಲೀಸ್' (ನಿಧಾನ ಬಿಡುಗಡೆ) ಅಂತ ಡ್ರಾಫ್ಟಿನಲ್ಲಿ ಬರೆದೂ ಆಗಿತ್ತು. ಚೀಲ ತೊಳೆಯಲು ಬಿಚ್ಚಿದಾಗ ಒಳಗಿನ ಬಣ್ಣ ತೀರಾ ಪೇಲವವಾಗಿತ್ತು. ಹೊರಗೆ ಬಂದದ್ದು ಶೇ 11 ಆದರೆ ಒಳಗೆ 89 ಇರಬೇಕಲ್ಲ? ಅಳೆದರೆ 46. ಉಳಿದ ಶೇ 43 ಎಲ್ಲೂ ಇಲ್ಲ. ಹೊರಬಂದದ್ದೆಲ್ಲ ಬಫರ್‌ನಲ್ಲಿ ಒಡೆದುಹೋಗುತ್ತಿತ್ತು, ನಾನು ಅಳೆಯುತ್ತಿದ್ದುದು ಸಾಯದೆ ಉಳಿದದ್ದನ್ನು ಮಾತ್ರ. ಬೀಕರ್‌ನಲ್ಲಿ ಕೆಂಪು ಮಾಯವಾದ ಆ ಬೆಳಗಿನ ಕಥೆಯೇ, ನಿಧಾನವಾಗಿ ನಡೆದದ್ದು.

ಬಫರ್‌ಗೆ ಸಾಬೂನಿನಂಥ ಟ್ವೀನ್ 80 ಶೇ 0.5 ಸೇರಿಸಿದರೆ ಕರ್ಕ್ಯುಮಿನ್ ಅದರ ಮೈಸೆಲ್‌ಗಳಲ್ಲಿ (ಅದರ ಅಣುಗಳ ಸೂಕ್ಷ್ಮ ಗುಂಪುಗಳು) ಕರಗಿ, ನೀರಿನಿಂದ ಸ್ವಲ್ಪ ಮರೆಯಾಗಿಯೂ ಇರುತ್ತದೆ. ಅದರ ಜೊತೆ ಮೂರು ಬೀಕರ್ ಇಡಿ: ನ್ಯಾನೊಕಣದ ಚೀಲ, ಬರೀ ಕರ್ಕ್ಯುಮಿನ್ ದ್ರಾವಣದ ಚೀಲ, ಚೀಲವೇ ಇಲ್ಲದೆ ಅದೇ ಬಫರ್‌ನಲ್ಲಿ ಬೆರೆಸಿಟ್ಟ ಕರ್ಕ್ಯುಮಿನ್. ಎರಡನೆಯದು ಚೀಲವೇ ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ, ಮೂರನೆಯದು ಎಷ್ಟು ಸಾಯುತ್ತದೆ ಎಂದು. ಕೊನೆಗೆ ಚೀಲದೊಳಗಿನದನ್ನೂ ಚೀಲಕ್ಕೆ ಅಂಟಿದ್ದನ್ನೂ ಅಳೆದು ಒಟ್ಟು ಕೂಡಿಸಿ. ನಮ್ಮದು ಶೇ 93ಕ್ಕೆ ಬಂತು. ಬಿಡುಗಡೆ 24 ಗಂಟೆಗೆ ಶೇ 38, 72ಕ್ಕೆ ಶೇ 61. ಫೆಬ್ರುವರಿಯ ಡ್ರಾಫ್ಟಿನ ಹತ್ತು ಪುಟ ಹರಿದು ಹಾಕಿದಾಗ ಹೊಟ್ಟೆ ಉರಿದದ್ದು ನಿಜ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ಅಂಕಿಅಂಶದ್ದು: 'ಎನ್ ಎಷ್ಟು?' ಅಂದರೆ ಲೆಕ್ಕಕ್ಕೆ ಹಿಡಿಯಬಹುದಾದ ಸ್ವತಂತ್ರ ಸ್ಯಾಂಪಲ್ ಎಷ್ಟು ಅಂತ. ಒಂದು ಸ್ಯಾಂಪಲಿಗೆ 150 ಕೋಶ ಎಣಿಸಿದರೆ ಎನ್ 150 ಆಗುವುದಿಲ್ಲ. ಕೋಶಗಳೆಲ್ಲ ಒಬ್ಬನೇ ದಾನಿಯವು. ಪ್ರತಿ ಸ್ಲೈಡಿನ ಮೀಡಿಯನ್ (ನಟ್ಟನಡುವಿನ ಮೌಲ್ಯ) ತೆಗೆದು, ದಾನಿಗೆ ಒಂದು ಸಂಖ್ಯೆ ಮಾಡಿ, ಐದು ದಾನಿಗಳಾದರೆ ಎನ್ ಐದು. ಹೀಗೆ ಮಾಡಿದಾಗ ವ್ಯತ್ಯಾಸ ಎಷ್ಟು ನಂಬಬಹುದೆಂದು ಸೂಚಿಸುವ ಪಿ ಮೌಲ್ಯ ಮೂರು ನಕ್ಷತ್ರದಿಂದ ಒಂದಕ್ಕೆ ಇಳಿಯಿತು. ಅವರು ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದರು.

ಉಳಿದ 150 ಮಿ.ಗ್ರಾಂ ಪಿಎಲ್‌ಜಿಎ ಡೀಪ್ ಫ್ರೀಜರ್‌ನ ಮೂರನೇ ಡ್ರಾಯರ್‌ನಲ್ಲಿದೆ, ಹಸಿರು ಟೇಪ್ ಸುತ್ತಿದ ಸಣ್ಣ ಬಾಟಲಿ. ಮೂರು ಬ್ಯಾಚಿಗೆ ಆಗುತ್ತದೆ. ಹೊರತೆಗೆದು ಒಂದು ಗಂಟೆ ಬೆಂಚಿನ ಮೇಲೆ ಬಿಟ್ಟು, ಬಾಟಲಿ ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಿರಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಒಳಗೆ ಕೂತು ಪಾಲಿಮರ್ ಒಡೆಯಲು ಶುರುವಾಗುತ್ತದೆ.